ಇಳಿಯದ ತೂಕ

ನವೆಂಬರ್ 4, ಸೋಮವಾರ

ಇಂದಿನಿಂದ ಬರೆದಿಡಬೇಕೆಂದು ಈ ನೋಟ್‌ಬುಕ್ ತೆಗೆದಿದ್ದೇನೆ. ಬಿ.ಜಿ. ಕೆರೆಯಲ್ಲಿ ಡ್ರಿಲ್ ಮೇಷ್ಟ್ರಾಗಿ ಹದಿನಾಲ್ಕು ವರ್ಷವಾಯಿತು. ದಿನದಿನದ್ದು ಬರೆದಿಡದೆ ಯಾರನ್ನೂ ತಯಾರು ಮಾಡಲು ಆಗುವುದಿಲ್ಲ ಎಂಬುದು ನನ್ನ ಅನುಭವ.

ನನ್ನ ತಂಗಿ ಆಶಾ ಕಾನ್‌ಸ್ಟೇಬಲ್ ಲಿಖಿತ ಪರೀಕ್ಷೆ ಪಾಸಾಗಿದ್ದಾಳೆ. ಮೇ ಹೊತ್ತಿಗೆ ದೈಹಿಕ ಪರೀಕ್ಷೆ ಇರಬಹುದು. ನಾನೂರು ಮೀಟರನ್ನು ಎರಡು ನಿಮಿಷದೊಳಗೆ ಓಡಬೇಕು. ಉದ್ದ ಜಿಗಿತ, ಗುಂಡು ಎಸೆತ ಬೇರೆ. ಅವಳಿಗೆ ಇಪ್ಪತ್ತನಾಲ್ಕು ವರ್ಷ. ಐದಡಿ ಮೂರಿಂಚು ಎತ್ತರ. ತೂಕ ತೊಂಬತ್ತೊಂದು ಕಿಲೋ.

ಯಾರೂ ಓದದ ಪುಸ್ತಕವಾದ್ದರಿಂದ ಒಪ್ಪಿಕೊಳ್ಳುತ್ತೇನೆ, ನನಗೆ ನಾಚಿಕೆ. ಊರ ಮಕ್ಕಳನ್ನೆಲ್ಲ ಓಡಿಸುವವನ ಮನೆಯಲ್ಲೇ ಹೀಗೆ. ನಾನು ಮೂವತ್ತೆಂಟರಲ್ಲೂ ಅರವತ್ತೆರಡು ಕಿಲೋ ದಾಟಿಲ್ಲ. ಒಂದೇ ಅವ್ವನ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ಮಡಕೆಯ ಸಾರು ಉಂಡು ಬೆಳೆದವರು. ನಾನು ಮೈ ಬಗ್ಗಿಸುತ್ತೇನೆ, ಅವಳು ಬಗ್ಗಿಸುವುದಿಲ್ಲ. ಬೇರೆ ಏನು ಕಾರಣ ಇರಲು ಸಾಧ್ಯ?

ಸಂಜೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿದೆ. ಅವ್ವ, ನನ್ನ ಹೆಂಡತಿ ಮಾಲತಿ, ಆಶಾ.

"ನಾಳೆಯಿಂದ ಬೆಳಿಗ್ಗೆ ಐದಕ್ಕೆ ಮೈದಾನ. ಮಧ್ಯಾಹ್ನ ಅರ್ಧ ಮುದ್ದೆ. ಸಂಜೆ ಒಂದು ಸಜ್ಜೆ ರೊಟ್ಟಿ, ಅಷ್ಟೇ. ಅನ್ನ, ಸಕ್ಕರೆ, ಶೇಂಗಾ ಮುಟ್ಟಂಗಿಲ್ಲ. ಮೂರು ತಿಂಗಳಿಗೆ ಇಪ್ಪತ್ತು ಕಿಲೋ ಇಳೀಬೇಕು."

ಅವ್ವ ಏನೋ ಹೇಳಲು ಬಾಯಿ ತೆರೆದಳು. ಆಶಾ ಅವಳ ಮೊಣಕೈ ಮುಟ್ಟಿ ಸುಮ್ಮನಾಗಿಸಿದಳು.

"ಹೂಂ ಅಣ್ಣ," ಎಂದಳು.

ನವೆಂಬರ್ 12, ಮಂಗಳವಾರ

ತೂಕ 89.6. ನಾನೂರು ಮೀಟರ್‌ಗೆ 3 ನಿಮಿಷ 28 ಸೆಕೆಂಡ್. ಮೊದಲ ದಿನ ಅರ್ಧಕ್ಕೂ ಹೆಚ್ಚು ನಡೆದೇ ಮುಗಿಸಿದ್ದಳು. ವಾರಕ್ಕೆ ಒಂದೂವರೆ ಕಿಲೋ ಇಳಿದಿದೆ. ಜನ ಸುಮ್ಮನೆ ಆ ಔಷಧಿ, ಈ ಪುಡಿ ಎಂದು ಓಡಾಡುತ್ತಾರೆ. ಬಾಯಿ ಕಟ್ಟಬೇಕು, ಕಾಲು ಬಿಚ್ಚಬೇಕು. ಇದರಲ್ಲಿ ಯಾವ ಗುಟ್ಟೂ ಇಲ್ಲ.

ನವೆಂಬರ್ 26, ಮಂಗಳವಾರ

88.3. ಓಟ 3 ನಿಮಿಷ 9 ಸೆಕೆಂಡ್.

ಹದಿನೈದು ದಿನಕ್ಕೆ ಬರೀ ಒಂದು ಕಿಲೋ ಚಿಲ್ಲರೆ. ಎಲ್ಲೋ ತಪ್ಪುತ್ತಿದೆ. ರೊಟ್ಟಿಯನ್ನು ಅರ್ಧಕ್ಕೆ ಇಳಿಸಿದೆ. ಒಳಕೋಣೆಯ ಶೇಂಗಾ ಚೀಲದ ಒಳಗೆ ಕಾಳು ಎಲ್ಲಿವರೆಗೆ ಇದೆಯೋ ಅಲ್ಲಿಗೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದಿದ್ದೇನೆ. ಯಾರಿಗೂ ಹೇಳಿಲ್ಲ.

ಡಿಸೆಂಬರ್ 8, ಭಾನುವಾರ

88.7. ಏರಿದೆ! ಓಟ 2 ನಿಮಿಷ 51. ಓಟ ಏನಾದರೂ ಆಗಲಿ, ತೂಕ ಏರುವುದು ಹೇಗೆ?

ಚೀಲ ಬಿಚ್ಚಿ ನೋಡಿದೆ. ಕಾಳು ಗೆರೆಗಿಂತ ಒಂದು ಗೇಣು ಕೆಳಗೆ ಹೋಗಿತ್ತು. ಆಶಾ ನಡುಮನೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಚೀಲವನ್ನೇ ಎಳೆದು ತಂದು ಅವಳ ಮುಂದೆ ಇಟ್ಟೆ.

"ಯಾರು ತಿಂದ್ರು ಇದನ್ನ?"

"ನಾನಲ್ಲ ಅಣ್ಣ."

"ಮತ್ತೆ ಗಾಳಿ ತಿಂತಾ? ಗಾಳಿ ಕುಡಿದು ತೂಕ ಏರ್ತೈತಾ?"

ಅವ್ವ ಒಲೆ ಮುಂದಿನಿಂದಲೇ ಕೂಗಿದಳು. "ಲೇ ಬೊಮ್ಮ, ಹೆಣ್ಣುಮಗಳಿಗೆ ತಿನ್ನೋ ವಿಷ್ಯಕ್ಕೆ ಹಂಗೆಲ್ಲ ಅನ್ನಬ್ಯಾಡ."

"ನೀನು ಕೊಟ್ಟೂ ಕೊಟ್ಟೂ ಇವಳು ಹಿಂಗಾಗಿರೋದು ಅವ್ವ."

ಆಶಾ ಅಳಲಿಲ್ಲ. ಕೈಯಲ್ಲಿದ್ದ ನನ್ನ ಅಂಗಿಯನ್ನು ಮಡಚಿ ಮುಗಿಸಿ, ಗಂಟಿನ ಮೇಲಿಟ್ಟು, ನೀರಿಗೆ ಹೋದಳು. ಒಳಕೋಣೆಗೆ ಬೀಗ ಹಾಕಿದೆ. ಕೀಲಿ ತಾಯಿತದಂತೆ ನನ್ನ ಕೊರಳಲ್ಲೇ ಇರುತ್ತದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಡಿಸೆಂಬರ್ 9, ಸೋಮವಾರ

ಬೆಳಿಗ್ಗೆ ಮಾಲತಿ ನನ್ನ ಡಬ್ಬಿ ಕಟ್ಟುತ್ತಾ ಅಂದಳು, "ಆ ಚೀಲಕ್ಕೆ ಕೈ ಹಾಕೋದು ಯಾರು ಅಂತ ನನಗೆ ಗೊತ್ತೈತೆ ರೀ."

"ಯಾರು?"

"ಹೇಳಿದ್ರೆ ನಂಬಲ್ಲ. ಈಗ ಬ್ಯಾಡ ಬಿಡ್ರಿ."

ಇಡೀ ದಿನ ತಲೆಯಲ್ಲಿ ಅದೇ. ಅವ್ವ ಕದ್ದು ಮಗಳಿಗೆ ಕೊಡುತ್ತಿದ್ದಾಳೆಯೆ? ಮಾಲತಿ ನಾದಿನಿಯನ್ನು ಕಾಪಾಡಲು ಸುಳ್ಳು ಹೇಳುತ್ತಿದ್ದಾಳೆಯೆ?

ಡಿಸೆಂಬರ್ 19, ಗುರುವಾರ. ಚಳ್ಳಕೆರೆ ಆಸ್ಪತ್ರೆ

ಇಲ್ಲಿ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಎರಡನೇ ಸುತ್ತಿನಲ್ಲಿ ಆಶಾ ಬಿದ್ದಳು. ಎಡವಲಿಲ್ಲ. ಓಡುತ್ತಿದ್ದವಳು ನಿಧಾನವಾದಳು, ನಿಂತಳು, ನಿಂತಲ್ಲೇ ಕುಸಿದಳು. ನಾನು ದೂರದಿಂದ "ಏಳು, ನಾಟಕ ಬ್ಯಾಡ" ಎಂದು ಕೂಗಿದೆ. ಅದನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು. ಹತ್ತಿರ ಹೋದಾಗ ತುಟಿ ಬೆಳ್ಳಗಾಗಿತ್ತು. ಆಟೋ ಮಾಡಿಕೊಂಡು ಬಂದೆವು.

ಡಾಕ್ಟರ್ ಹೆಸರು ಮಂಗಳಗೌರಿ. ಚಳ್ಳಕೆರೆಯವರೇ. ನಲವತ್ತರ ಆಸುಪಾಸು. ಆಶಾಳಿಗೆ ಗ್ಲೂಕೋಸ್ ಹಾಕಿಸಿ ನನ್ನ ಕಡೆ ತಿರುಗಿದರು.

"ನಿನ್ನೆಯಿಂದ ಏನು ತಿಂದಿದ್ಲು?"

"ಅರ್ಧ ಮುದ್ದೆ, ಅರ್ಧ ರೊಟ್ಟಿ."

"ಇದನ್ನ ಯಾರು ಹೇಳಿದ್ದು?"

"ನಾನೇ ಮೇಡಂ. ನಾನು ದೈಹಿಕ ಶಿಕ್ಷಕ."

"ನಿಮ್ಮ ಶಾಲೆ ಮಕ್ಕಳನ್ನೂ ಹಿಂಗೇ ಉಪವಾಸ ಓಡಿಸ್ತೀರಾ ಮೇಷ್ಟ್ರೇ?"

"ಅವರ್ಯಾರೂ ತೊಂಬತ್ತು ಕಿಲೋ ಇಲ್ಲ ಮೇಡಂ."

ಅವರು ರಕ್ತಪರೀಕ್ಷೆಯ ಚೀಟಿಯನ್ನು ನನ್ನ ಮುಂದೆ ಹಿಡಿದರು. "ರಕ್ತ ಎಂಟಕ್ಕೆ ಇಳಿದೈತೆ. ಅದನ್ನ ತೂಕದ ಮೆಷಿನ್ ತೋರಿಸಲ್ಲ," ಎಂದು ಮುಂದಿನ ಹಾಸಿಗೆಗೆ ಹೋದರು.

ಮಧ್ಯಾಹ್ನ ಆಶಾ ಕಣ್ಣು ಬಿಟ್ಟಳು. ನಾನು ಪಕ್ಕದಲ್ಲೇ ಇದ್ದೆ. ಅವಳು ಅಷ್ಟರಲ್ಲಿ ಊರಿಂದ ಬಂದಿದ್ದ ಅವ್ವನಿಗೆ ಹೇಳಿದಳು, "ನಾನು ರಾಂಪುರದ ದೊಡ್ಡಮ್ಮನ ಮನೆಗೆ ಹೋಗ್ತೀನಿ."

ಡಿಸೆಂಬರ್ 28, ಶನಿವಾರ

ಆಶಾ ರಾಂಪುರದಲ್ಲಿ. ಫೋನು ಅವ್ವನಿಗೆ ಮಾತ್ರ ಬರುತ್ತದೆ.

ಇವತ್ತು ನನಗೆ ಅರ್ಥವಾಗದ ಒಂದು ಸಂಗತಿ. ಒಳಕೋಣೆ ಬೀಗ ತೆಗೆದು ಚೀಲ ನೋಡಿದರೆ ಕಾಳು ಮತ್ತೂ ನಾಲ್ಕು ಬೆರಳು ಇಳಿದಿದೆ. ಕೀಲಿ ನನ್ನ ಹತ್ತಿರ. ಆಶಾ ಮೂವತ್ತು ಕಿಲೋಮೀಟರ್ ದೂರದಲ್ಲಿ. ಇಲಿಯೆ? ಜೇಬಿನಲ್ಲಿದ್ದ ಶೇಂಗಾ ಮೆಲ್ಲುತ್ತಾ ಇಡೀ ಕೋಣೆ ಜಾಲಾಡಿದೆ. ಒಂದು ಬಿಲವೂ ಸಿಗಲಿಲ್ಲ. ಮಾಲತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೋದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

ಜನವರಿ 5, ಭಾನುವಾರ

ಡಾಕ್ಟರ್ ಮಂಗಳಗೌರಿ ಫೋನ್ ಮಾಡಿ ಕರೆಸಿದ್ದರು. ನಾನು, ಅವ್ವ ಹೋದೆವು. ಆಶಾ ರಾಂಪುರದಿಂದ ದೊಡ್ಡಮ್ಮ ಹುಚ್ಚಕ್ಕನ ಜೊತೆ ಬಂದಳು. ಹದಿನೈದು ದಿನಕ್ಕೇ ಮುಖಕ್ಕೆ ಕಳೆ ಬಂದಿದೆ. ನನ್ನನ್ನು ನೋಡಿ ತಲೆ ಆಡಿಸಿದಳು, ಅಷ್ಟೇ.

ಡಾಕ್ಟರ್ ಒಂದು ಸಂಶೋಧನೆ ಮಾಡುತ್ತಿದ್ದಾರಂತೆ. ಒಂದೇ ಮನೆಯಲ್ಲಿ ಬೆಳೆದ ಒಡಹುಟ್ಟಿದವರು, ಒಬ್ಬರು ದಪ್ಪ, ಒಬ್ಬರು ಸಣ್ಣ, ಇಂಥ ಜೋಡಿ ಬೇಕಂತೆ. ಹೊಟ್ಟೆಯ ಚರ್ಮದ ಕೆಳಗಿನಿಂದ ಸೂಜಿಯಲ್ಲಿ ಕಡಲೆಕಾಳಿನಷ್ಟು ಕೊಬ್ಬು ತೆಗೆದು ಒಳಗಿನ ಮೈಟೋಕಾಂಡ್ರಿಯ ನೋಡುತ್ತಾರೆ. ಆ ಹೆಸರು ನನಗೆ ಗೊತ್ತು. ಒಂಬತ್ತನೇ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆ, ಜೀವಕೋಶದ ಶಕ್ತಿಕೇಂದ್ರ ಎಂದು. ಆದರೆ ಕೊಬ್ಬಿನಲ್ಲಿ ಶಕ್ತಿಕೇಂದ್ರಕ್ಕೆ ಏನು ಕೆಲಸ? ಕೊಬ್ಬು ಎಂದರೆ ಸೋಮಾರಿತನ ಗಟ್ಟಿಯಾಗಿ ಕೂತಿರುವುದು ಎಂದೇ ತಿಳಿದಿದ್ದೆ.

ಅವ್ವನಿಗೆ ಅವರು ಬೇರೆ ಥರ ಹೇಳಿದರು. "ಅವ್ವಾರೆ, ನಿಮ್ಮ ತವರಲ್ಲಿ ಕುರಿ ಇದ್ವಾ?"

"ಇನ್ನೂರು ಇದ್ವು ತಾಯಿ. ಪರಶುರಾಂಪುರದ ಕಡೆ."

"ಚಳಿಗಾಲದಾಗೆ ಹುಟ್ಟಿದ ಮರಿ, ಮೈ ಒದ್ದೆ ಇದ್ರೂ ಹೆಂಗೆ ತಡ್ಕಂತೈತೆ ಹೇಳ್ರಿ? ಅದರ ಮೈಯಾಗೆ ಒಂಥರಾ ಕಂದು ಕೊಬ್ಬು ಇರ್ತೈತೆ. ಆ ಕೊಬ್ಬಿನ ತುಂಬಾ ಈ ಮೈಟೋಕಾಂಡ್ರಿಯ ಅನ್ನೋ ಸಣ್ಣ ಸಣ್ಣ ಒಲೆ. ಕೊಬ್ಬನ್ನೇ ಉರಿಸಿ ಮರೀನ ಬೆಚ್ಚಗಿಡ್ತಾವೆ. ನಮ್ಮ ಮಾಮೂಲಿ ಬಿಳಿ ಕೊಬ್ಬಲ್ಲೂ ಅವು ಇರ್ತಾವೆ. ಆದ್ರೆ ಕಮ್ಮಿ."

ಅವ್ವ ಯೋಚಿಸಿ ಕೇಳಿದಳು, "ಹಂಗಾರೆ ನನ್ನ ಮಗಳ ಮೈಯಾಗಿನ ಒಲೆ ಯಾಕೆ ಉರೀವಲ್ದು?"

"ಅದನ್ನೇ ಅವ್ವಾರೆ ನಾನೂ ಕೇಳ್ತಿರೋದು."

ಮೊದಲು ಎರಡು ವಾರ ತಿಂದದ್ದನ್ನೆಲ್ಲ ತೂಗಿ ಬರೆಯಬೇಕಂತೆ. ನಾನು ಒಪ್ಪುವ ಮೊದಲೇ ಆಶಾ ಬಾಯಿ ಬಿಟ್ಟಳು. "ನಾನು ಮನೆಗೆ ಬರ್ತೀನಿ. ಆದ್ರೆ ಅಣ್ಣನ ಊಟಾನೂ ಅತ್ತಿಗೇನೇ ತೂಗ್ಬೇಕು. ಅವನು ಬರ್ಕಳ್ಳಂಗಿಲ್ಲ."

"ನನ್ನದೇನು ತೂಗೋದು? ನಾನೇನು ದಪ್ಪ ಇದೀನಾ?" ಎಂದೆ.

"ಊರ್ಕೋ ರಾ," ಎಂದು ದೊಡ್ಡಮ್ಮ ತೆಲುಗಿನಲ್ಲೇ ಗದರಿ ನನ್ನನ್ನು ಸುಮ್ಮನಿರಿಸಿದಳು.

ಡಾಕ್ಟರ್ ಇನ್ನೊಂದು ಮಾತು ಹೇಳಿದರು. ಈ ಕೆಲಸ ಮುಗಿಯುವವರೆಗೆ ಮನೆಯಲ್ಲಿ ಆಶಾಳ ತೂಕ ನೋಡಬಾರದಂತೆ. ನಾವು ಮನೆಗೆ ಬಂದು ಹೇಳಿದ ಕೂಡಲೇ ಮಾಲತಿ ತೂಕದ ಮೆಷಿನ್ ಅನ್ನು ಅಟ್ಟಕ್ಕೆ ಹಾಕಿದಳು. ಕೈ ಮುರಿದಂತಾಗಿದೆ. ಏನನ್ನು ನೋಡಿ ಏನು ಬರೆಯಲಿ?

ಜನವರಿ 9, ಗುರುವಾರ

ಆಶಾ ಮತ್ತೆ ಓಡುತ್ತಿದ್ದಾಳೆ. ಹೊಟ್ಟೆಗೆ ತಿಂದು ಓಡುತ್ತಾಳೆ. ನಾನು ಮೈದಾನದ ಅಂಚಿನಲ್ಲಿ ನಿಂತಿದ್ದೆ. ಕರೆಯಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ಜನವರಿ 22, ಬುಧವಾರ

ಮಾಲತಿ, ಆಶಾ, ನಾನು ಹೋಗಿ ಮಾಲತಿಯ ಹಾಳೆಗಳನ್ನು ಡಾಕ್ಟರಿಗೆ ಕೊಟ್ಟೆವು. ಅವರು ಕೂಡಿ ಕಳೆದು ಹೇಳಿದರು.

ಆಶಾ ದಿನಕ್ಕೆ ಸರಾಸರಿ ಸಾವಿರದ ಒಂಬೈನೂರು ಕ್ಯಾಲೊರಿ. ನಾನು ಮೂರು ಸಾವಿರದ ಹತ್ತಿರ.

"ಲೆಕ್ಕ ತಪ್ಪೈತೆ," ಎಂದೆ.

ಮಾಲತಿ ಹಾಳೆ ತೆಗೆದು ಓದಿದಳು. "ಬೆಳಿಗ್ಗೆ ಮೂರು ರೊಟ್ಟಿ. ಶಾಲೆಗೆ ಹೋಗೋವಾಗ ಜೇಬಿಗೆ ಶೇಂಗಾ, ಎರಡು ಹಿಡಿ. ಹನ್ನೊಂದಕ್ಕೆ ಟೀ, ಬನ್ನು. ಮಧ್ಯಾಹ್ನ ಎರಡು ಮುದ್ದೆ, ಆಮೇಲೆ ಅನ್ನ. ಶಾಲೆಯಿಂದ ಬಂದು ಕೈಕಾಲು ತೊಳೆಯೋಕೆ ಮುಂಚೆ ಒಳಕೋಣೆಗೆ ಹೋಗಿ ಮತ್ತೆ ಒಂದು ಹಿಡಿ ಶೇಂಗಾ. ಬೀಗ ತೆಗೆದು ತಿಂದು ಮತ್ತೆ ಬೀಗ ಹಾಕ್ತೀರಿ ರೀ."

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕೈ ಹೋಗುತ್ತಿತ್ತು, ಬಾಯಿ ಆಡುತ್ತಿತ್ತು. ತಿನ್ನುತ್ತಿದ್ದೇನೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಚೀಲದ ಕಳ್ಳ ನಾನೇ. ನನ್ನನ್ನು ಯಾರೂ ಯಾವತ್ತೂ ಕೇಳಿರಲಿಲ್ಲ.

ಆಶಾಳ ಕಡೆ ನೋಡಲಿಲ್ಲ. ಆದರೆ ಒಂದು ಗೊತ್ತಾಗಲಿಲ್ಲ. ಅಷ್ಟು ತಿಂದೂ ನನಗೆ ಯಾಕೆ ಅಂಟುವುದಿಲ್ಲ? ಇಷ್ಟೇ ತಿಂದು, ಓಡಿಯೂ, ಅವಳಿಗೆ ಯಾಕೆ ಬಿಡುವುದಿಲ್ಲ? ಡಾಕ್ಟರ್ ಹೇಳಿದರು, ಊಟ ತೀರಾ ಕಮ್ಮಿ ಮಾಡಿದರೆ ದೇಹ ಖರ್ಚನ್ನೇ ಕಮ್ಮಿ ಮಾಡಿಕೊಂಡು ಕೂರುತ್ತದಂತೆ, ಅದೂ ಒಂದು ಕಾರಣ, ಪೂರ್ತಿ ಕಾರಣ ಅಲ್ಲ. ಪೂರ್ತಿ ಕಾರಣ ಯಾವುದು ಎಂದರೆ ನಕ್ಕರು.

ಮನೆಗೆ ಬಂದು ಒಳಕೋಣೆಯ ಬೀಗವನ್ನೇ ತೆಗೆದುಹಾಕಿದೆ.

ಫೆಬ್ರವರಿ 8, ಶನಿವಾರ

ಸೂಜಿಯ ದಿನ. ಆಶಾಳದ್ದು ಹತ್ತು ನಿಮಿಷಕ್ಕೆ ಮುಗಿಯಿತು. ನನ್ನದು ಮುಕ್ಕಾಲು ಗಂಟೆ. ತೆಗೆಯಲು ಕೊಬ್ಬೇ ಸಿಗಲಿಲ್ಲ. ಮರಗಟ್ಟಿಸಿದ್ದರೂ ನಾನು ಹಲ್ಲು ಕಚ್ಚಿ "ಅವ್ವಾ" ಎಂದೆ. ಪರದೆಯ ಆಚೆಯಿಂದ ಆಶಾಳ ದನಿ ಬಂತು.

"ಏಳು ಅಣ್ಣ, ನಾಟಕ ಬ್ಯಾಡ."

ಅಂದರೆ ಅವತ್ತು ಬಿದ್ದಾಗ ಅವಳಿಗೆ ಕೇಳಿಸಿತ್ತು. ನರ್ಸು ನಕ್ಕರು. ಆಶಾಳೂ ನಕ್ಕಳು. ನನಗೆ ನಗು ಬರಲಿಲ್ಲ.

ಮಾರ್ಚ್ 15, ಶನಿವಾರ

ಡಾಕ್ಟರ್ ಕಂಪ್ಯೂಟರಿನಲ್ಲಿ ಎರಡು ಚಿತ್ರ ಪಕ್ಕಪಕ್ಕ ಇಟ್ಟು ತೋರಿಸಿದರು. ಬಣ್ಣ ಹಾಕಿ ಸಾವಿರಾರು ಪಟ್ಟು ದೊಡ್ಡದು ಮಾಡಿದ್ದು. ಬಲಗಡೆ ನನ್ನದು. ಹಸಿರು ಎಳೆಗಳು, ಬಿಸಿಲಿಗೆ ಒಣಹಾಕಿದ ಶ್ಯಾವಿಗೆಯ ಹಾಗೆ ಉದ್ದುದ್ದ. ಎಡಗಡೆ ಆಶಾಳದ್ದು. ಎಳೆಯೇ ಇಲ್ಲ. ಅಲ್ಲಲ್ಲಿ ಚೂರು ಚೂರು, ನುಚ್ಚು ಚೆಲ್ಲಿದ ಹಾಗೆ. ಅದೂ ಕಡಿಮೆ.

ಒಂದು ಕ್ಷಣ ಖುಷಿಯಾಯಿತು. ನನ್ನದು ಚೆನ್ನಾಗಿದೆ, ನಾನು ಗೆದ್ದೆ ಎನ್ನಿಸಿತು. ಯಾಕೆ ಹಾಗನ್ನಿಸಿತೋ. ಅದಕ್ಕಾಗಿ ನಾನು ಏನೂ ಮಾಡಿರಲಿಲ್ಲವಲ್ಲ. ಪಕ್ಕಕ್ಕೆ ನೋಡಿದೆ. ಆಶಾ ಕುರ್ಚಿಯ ಅಂಚಿಗೆ ಬಂದು ತನ್ನ ಚಿತ್ರವನ್ನೇ ನೋಡುತ್ತಿದ್ದಳು.

"ಇವು ಯಾವಾಗ ಮುರಿದ್ವು ಮೇಡಂ?"

"ಗೊತ್ತಿಲ್ಲಮ್ಮ. ಇಲಿಗಳ ಮೇಲೆ ಬೇರೆ ಕಡೆ ಮಾಡಿ ನೋಡಿದಾರೆ. ಜಾಸ್ತಿ ಕೊಬ್ಬಿನ ಆಹಾರ ತಿನ್ನಿಸಿದ ಮೇಲೆ ಹಿಂಗೆ ಚೂರಾಗ್ತಾವೆ. ಚೂರಾದ ಮೇಲೆ ಕೊಬ್ಬು ಉರಿಸೋ ಶಕ್ತಿ ಕಮ್ಮಿ ಆಗ್ತೈತೆ. ಆಗ ಇನ್ನೂ ಕೊಬ್ಬು ಸೇರ್ತೈತೆ."

"ಅಂದ್ರೆ ತಿಂದಿದ್ದಕ್ಕೇ ಮುರಿದ್ವು," ಎಂದೆ ನಾನು.

"ಇಲೀಲಿ ಹಂಗೆ. ಮನುಷ್ಯರಲ್ಲಿ ಮೊದಲೇ ಕಮ್ಮಿ ಇದ್ದು ಆಮೇಲೆ ದಪ್ಪ ಆದ್ರೋ, ದಪ್ಪ ಆದ ಮೇಲೆ ಇವು ಹಾಳಾದ್ವೋ, ಯಾರೂ ಖಚಿತವಾಗಿ ಹೇಳಕ್ಕಾಗಿಲ್ಲ. ಎರಡೂ ಇರಬಹುದು. ನಿಮ್ಮಿಬ್ಬರ ಚಿತ್ರ ಇಟ್ಕಂಡು ನಾನೂ ಏನೂ ಹೇಳಂಗಿಲ್ಲ. ಇನ್ನೂ ಐವತ್ತು ಜೋಡಿ ನೋಡಬೇಕು."

"ನಾನು ಓಡ್ತಾ ಇದ್ರೆ ಮತ್ತೆ ಕೂಡ್ಕಂತಾವಾ?" ಆಶಾ ಕೇಳಿದಳು.

"ಸ್ವಲ್ಪ ಸುಧಾರಿಸ್ತಾವೆ ಅಂತ ಕೆಲವರು ಹೇಳ್ತಾರೆ. ಕೆಲವರಿಗೆ ಕಂಡಿಲ್ಲ. ಆದ್ರೆ ಓಡಿದ್ರೆ ನಿನ್ನ ಹೃದಯಕ್ಕೆ, ಕಾಲಿಗೆ ಒಳ್ಳೇದು. ಅದರಾಗೆ ಅನುಮಾನ ಇಲ್ಲ."

ನನಗೆ ತಡೆಯಲಾಗಲಿಲ್ಲ. "ಹಂಗಾದ್ರೆ ತಪ್ಪು ಯಾರದ್ದು ಮೇಡಂ? ಅವಳದ್ದಾ, ಹುಟ್ಟಿದ್ದಾ?"

"ತಪ್ಪು ಯಾರದ್ದು ಅಂತ ತೋರಿಸೋ ಮೆಷಿನ್ ನನ್ನ ಹತ್ರ ಇಲ್ಲ ಮೇಷ್ಟ್ರೇ."

ಬಸ್ಸಿನಲ್ಲಿ ಬರುವಾಗ ತಲೆ ಗಿರ್ ಎನ್ನುತ್ತಿತ್ತು. ಉತ್ತರ ಸಿಗುತ್ತದೆ ಎಂದು ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡೆ. ಹೋಗುವಾಗ ಒಂದು ಪ್ರಶ್ನೆ ಇತ್ತು, ಬರುವಾಗ ಐದಾಗಿದ್ದವು.

ಮಾರ್ಚ್ 16, ಭಾನುವಾರ

ಇವತ್ತು ಮೈದಾನದಲ್ಲಿ ಓಟ ಮುಗಿಸಿ ಆಶಾ ನನ್ನ ಪಕ್ಕ ಕೂತಳು. ತಾನಾಗಿಯೇ ಕೂತಳು.

"ಅಣ್ಣ, ಒಂದು ಹೇಳ್ಬೇಕು. ನವೆಂಬರ್‌ನಾಗೆ ಎರಡು ಸಲ ನಾನೂ ಚೀಲಕ್ಕೆ ಕೈ ಹಾಕಿದ್ದೆ. ಅಗಿಯೋ ಸಪ್ಪಳ ನಿನಗೆ ಕೇಳ್ತೈತೆ ಅಂತ ನೀರಲ್ಲಿ ನುಂಗಿದೆ."

ನೋಡು ನಾನು ಹೇಳಿರಲಿಲ್ಲವೇ ಎನ್ನಬಹುದಿತ್ತು. ನಾಲ್ಕು ತಿಂಗಳು ನಾನು ಕಾದದ್ದು ಇದೇ ಮಾತಿಗಲ್ಲವೆ? ಈಗ ಕೈಗೆ ಸಿಕ್ಕಿದರೆ ಏನು ಮಾಡಬೇಕೋ ತಿಳಿಯಲಿಲ್ಲ. ಅಗಿಯದೆ ನುಂಗಿದಳು ಎಂಬುದೊಂದೇ ಇಡೀ ದಿನ ತಲೆಯಲ್ಲಿ.

2 ನಿಮಿಷ 19.

ಮಾರ್ಚ್ 30, ಭಾನುವಾರ

ಯುಗಾದಿ. ಅವ್ವ ಹೋಳಿಗೆ ಮಾಡಿದ್ದಳು. ಆಶಾ ಎರಡು ತಿಂದಳು ಎಂದು ಬರೆದು, ಯಾಕೆ ಬರೆದೆ ಎಂದು ಗೊತ್ತಾಗದೆ ಹೊಡೆದು ಹಾಕಿದೆ. ಆಮೇಲೆ ಹೊಡೆದು ಹಾಕಿದ್ದು ಯಾಕೆ ಎಂದೂ ಗೊತ್ತಾಗಲಿಲ್ಲ. ನಾನು ಐದು ತಿಂದೆ.

ಏಪ್ರಿಲ್ 21, ಸೋಮವಾರ

2 ನಿಮಿಷ 4 ಸೆಕೆಂಡ್.

ಬಿಸಿಲು ಜೋರಾಗಿದೆ. ಐದಕ್ಕಿಂತ ಮುಂಚೆಯೇ ಹೋಗುತ್ತೇವೆ. ಅವಳು ಓಡುವಾಗ ಭುಜ ಬಿಗಿ ಹಿಡಿಯುತ್ತಾಳೆ, ಕೈ ಎದೆಗೆ ಅಡ್ಡ ಬರುತ್ತದೆ. ಆರು ತಿಂಗಳಿಂದ ಅವಳನ್ನು ದಿನಾ ನೋಡುತ್ತಿದ್ದೇನೆ, ಇದು ಇವತ್ತು ಕಣ್ಣಿಗೆ ಬಿತ್ತು. "ಕೈ ಸಡಿಲ ಬಿಡು, ಮುಷ್ಟಿ ಕಟ್ಟಬ್ಯಾಡ" ಎಂದೆ. ಎರಡನೇ ಸಲ ಓಡಿದಾಗ ನಾಲ್ಕು ಸೆಕೆಂಡ್ ಉಳಿಯಿತು. ಇಷ್ಟು ಸುಲಭದ್ದು ಮೊದಲೇ ಯಾಕೆ ಕಾಣಲಿಲ್ಲ?

ಮೇ 22, ಗುರುವಾರ

ಇಂದು ಚಿತ್ರದುರ್ಗದಲ್ಲಿ ದೈಹಿಕ ಪರೀಕ್ಷೆ. ಮಾಲತಿಗೆ ಜ್ವರ ಬಂದಿದ್ದರಿಂದ ನಾನು ಜೊತೆಗೆ ಹೋದೆ. ಒಳಗೆ ಬಿಡಲಿಲ್ಲ. ತಂತಿಬೇಲಿಯ ಆಚೆ ನಿಂತೆ.

ಎಂಟು ಹುಡುಗಿಯರ ಗುಂಪಿನಲ್ಲಿ ಆಶಾ ಕೊನೆಯ ಗೆರೆ. ಉಳಿದವರೆಲ್ಲ ಕಡ್ಡಿಯಂತಿದ್ದರು. ಸೀಟಿ ಊದಿದರು. ನನ್ನ ಕೈಯಲ್ಲಿ ಸ್ಟಾಪ್‌ವಾಚ್ ಇತ್ತು, ಒತ್ತುವುದೇ ಮರೆತುಹೋಯಿತು. ಮೊದಲ ತಿರುವಿಗೆ ಅವಳು ಕೊನೆಯವಳು. ಎರಡನೇ ತಿರುವಿನಲ್ಲಿ ಇಬ್ಬರು ಸುಸ್ತಾದರು. ಆಶಾ ಸುಸ್ತಾಗಲಿಲ್ಲ. ಒಂದೇ ಹದದಲ್ಲಿ, ಭುಜ ಸಡಿಲ ಬಿಟ್ಟು ಓಡಿದಳು. ಆರನೆಯವಳಾಗಿ ಗೆರೆ ದಾಟಿದಳು. 1 ನಿಮಿಷ 56 ಎಂದು ಮೈಕಿನಲ್ಲಿ ಹೇಳಿದರು. ಬೇಲಿ ಹಿಡಿದು ಕೂಗಿದೆನಂತೆ. ಪಕ್ಕದಲ್ಲಿದ್ದವರು ಆಮೇಲೆ ಹೇಳಿದರು.

ಆಮೇಲೆ ಉದ್ದ ಜಿಗಿತ. ಎರಡೂವರೆ ಮೀಟರ್ ಬೇಕು. ಮೂರು ಅವಕಾಶ.

ಮೊದಲನೆಯದು 2.41. ಎರಡನೆಯದು ಗೆರೆ ತುಳಿದು ಫೌಲ್. ಮೂರನೆಯದು 2.46.

ನಾಲ್ಕು ಸೆಂಟಿಮೀಟರ್. ಗುಂಡು ಎಸೆತದವರೆಗೆ ಅವಳನ್ನು ಬಿಡಲೇ ಇಲ್ಲ.

ಅವಳಿಗೆ ಓಡಿಬಂದು ಎಗರಲು ಬರುವುದಿಲ್ಲ. ಗೆರೆಯ ಹತ್ತಿರ ಬಂದು ಹೆಜ್ಜೆ ಗಿಡ್ಡ ಮಾಡುತ್ತಾಳೆ, ಹೆದರಿ ನಿಂತು, ನಿಂತಲ್ಲಿಂದ ಹಾರುತ್ತಾಳೆ. ಎಂಟನೇ ತರಗತಿಯ ಹುಡುಗಿಯರಿಗೆ ವಾರಕ್ಕೆರಡು ಸಲ ನಾನು ತಿದ್ದುವ ತಪ್ಪು ಅದು. ಆರು ತಿಂಗಳಲ್ಲಿ ನನ್ನ ತಂಗಿಗೆ ಒಂದು ದಿನವೂ ಜಿಗಿತ ಹೇಳಿಕೊಡಲಿಲ್ಲ. ಈ ಪುಸ್ತಕವನ್ನು ಈಗ ಹಿಂದಕ್ಕೆ ತಿರುವಿ ನೋಡಿದೆ. ಆ ಪದ ಒಂದೇ ಒಂದು ಸಲ ಇದೆ.

ಆಶಾ ಹೊರಗೆ ಬಂದಳು. ಮೊಣಕಾಲಿಗೆ ಮರಳು ಅಂಟಿತ್ತು. ನಾನು ಅವಳಿಂದ ಬೈಸಿಕೊಳ್ಳಲು ತಯಾರಾಗಿದ್ದೆ. ಅವಳು ಮರಳು ಕೊಡವಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಚಳ್ಳಕೆರೆ ಬಸ್ಸು ಹತ್ತಿದೆವು. ಕಿಟಕಿಗೆ ತಲೆಯಿಟ್ಟು ಅರ್ಧ ದಾರಿ ಅತ್ತಳು. ನಾನು ಮುಂದಿನ ಸೀಟಿನ ಕಬ್ಬಿಣ ಹಿಡಿದು ಕೂತಿದ್ದೆ. "ತಪ್ಪು ನನ್ನದು ಆಶಾ" ಎಂದು ಎರಡು ಸಲ ಹೇಳಿದೆ. ಬಸ್ಸಿನ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ.

ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಮುಖ ತೊಳೆದುಕೊಂಡು ಬಂದಳು.

"ಅಣ್ಣ, ಹಸಿವಾಗೈತೆ."

ನವೆಂಬರಿನಿಂದ ಅವಳು ನನ್ನ ಮುಂದೆ ಆ ಮಾತು ಆಡಿದ್ದು ನೆನಪಿಲ್ಲ.

ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹೇಳಿದೆ. ನಾನು ಎರಡು ಪ್ಲೇಟ್ ಮುಗಿಸಿ ಮೂರನೆಯದಕ್ಕೆ ಕೈಯೆತ್ತಿದ್ದೆ. ಎದುರಿನ ಟೇಬಲ್ಲಿನ ಯಜಮಾನರೊಬ್ಬರು ಆಶಾಳ ಕೊರಳಲ್ಲಿನ ಪರೀಕ್ಷೆಯ ನಂಬರ್ ನೋಡಿ ಬುದ್ಧಿ ಹೇಳಿದರು.

"ಪೊಲೀಸ್ ಆಗ್ಬೇಕಂದ್ರೆ ಇದನ್ನೆಲ್ಲ ಬಿಡ್ಬೇಕಮ್ಮ. ಬಾಯಿ ಕಟ್ಟಬೇಕು."

ಆಶಾಳ ಕೈ ಬಾಯಿಯ ಹತ್ತಿರ ನಿಂತಿತು.

"ಯಜಮಾನ್ರೇ," ಎಂದೆ. "ಇವಳು ಒಂದು ಪ್ಲೇಟ್ ತಿಂತಾ ಇದಾಳೆ. ನಾನು ಮೂರನೇದು ಹೇಳೀನಿ. ನನಗೂ ಸ್ವಲ್ಪ ಬುದ್ಧಿ ಹೇಳ್ರಿ."

ಅವರು ನನ್ನ ಸಣಕಲು ಮೈ ನೋಡಿ ತಬ್ಬಿಬ್ಬಾದರು. "ಇಲ್ಲ, ನಾನು ಒಳ್ಳೇದಕ್ಕೇ ಅಂದೆ," ಎಂದು ಗೊಣಗಿ ಟೀ ಕಡೆ ತಿರುಗಿದರು. ಆಶಾ ತಲೆ ತಗ್ಗಿಸಿ ತಿಂದು ಮುಗಿಸಿದಳು. ಭುಜ ಅಲುಗುತ್ತಿತ್ತು. ಈ ಸಲ ನಗುತ್ತಿದ್ದಳು ಎಂದು ಖಚಿತವಾಗಿ ಹೇಳಬಲ್ಲೆ.

ಸ್ಟ್ಯಾಂಡಿಗೆ ವಾಪಸ್ ಬಂದು ಬಿ.ಜಿ. ಕೆರೆ ಬಸ್ಸಿಗೆ ನಿಂತೆವು.

"ಮುಂದಿನ ಸಲ ಯಾವಾಗ ಕರೀತಾರೋ," ಎಂದಳು. ಆಮೇಲೆ, "ಯಾವ ಕಾಲಿಂದ ಎಗರಬೇಕು ಅಣ್ಣ?"

"ನಿನ್ನದು ಎಡಗಾಲು. ಅದು ಎಗರೋ ಹಲಗೆ ಮೇಲೆ ಪೂರ್ತಿ ಊರಬೇಕು. ಕೊನೇ ಮೂರು ಹೆಜ್ಜೆಗೆ ನಿಧಾನ ಆಗಂಗಿಲ್ಲ, ಜೋರಾಗಬೇಕು."

"ಹೆಂಗೆ?"

ಬಾಯಲ್ಲಿ ಹೇಳಿದರೆ ಬರುವ ವಿದ್ಯೆಯಲ್ಲ. ಬ್ಯಾಗನ್ನು ಅವಳ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು, ಕಾದ ಸಿಮೆಂಟಿನ ಮೇಲೆ ಹತ್ತು ಹೆಜ್ಜೆ ಹಿಂದೆ ಹೋಗಿ ಓಡಿಬಂದು ಹಾರಿದೆ. ಈರುಳ್ಳಿ ಚೀಲದ ಮೇಲೆ ಕೂತಿದ್ದ ಹೆಂಗಸರು ಗಾಬರಿಯಾಗಿ ಎದ್ದರು. ಆಶಾ ಬ್ಯಾಗ್ ಕೆಳಗಿಟ್ಟಳು. ದುಪಟ್ಟಾ ಸೊಂಟಕ್ಕೆ ಬಿಗಿದಳು. ಮೊದಲ ಸಲ ಎಗರುವ ಜಾಗದ ಹತ್ತಿರ ಮತ್ತೆ ಹೆಜ್ಜೆ ಗಿಡ್ಡವಾಯಿತು. "ನಿಲ್ಲಬ್ಯಾಡ, ನಾನು ಮುಂದೆ ಇದೀನಿ, ನನ್ನ ಮೇಲೆ ಬಾ" ಎಂದು ಎದುರಿಗೆ ಕೈ ಚಾಚಿ ನಿಂತೆ. ಎರಡನೇ ಸಲ ಬಂದಳು. ಮೂರನೇ ಸಲ ನಾನು ಅವಳನ್ನು ಹಿಡಿಯಲು ಹೋಗಿ ಇಬ್ಬರೂ ಉರುಳಿದೆವು.

ನಮ್ಮ ಬಸ್ಸು ಬಂದು, ಐದು ನಿಮಿಷ ನಿಂತು, ಹೋಯಿತಂತೆ.